ಕೂಳೆಯ ಚಿಗುರು

ಮೈಸೂರಿನ ಒಂದು ಬಡಾವಣೆ. ಪಾರ್ಕಿನ ಮೂಲೆಯಲ್ಲಿ ಹೊಸದಾಗಿ ಎದ್ದ ಒಂದು ಕೋಣೆ, ಅದರ ಮುಂದೆ ಸಣ್ಣ ಜಗಲಿ. ಒಳಗೆ ಒಂದು ಕೇರಂ ಬೋರ್ಡು, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಬಾಗಿಲ ಮೇಲೆ ಹಾಕಬೇಕಾದ ತಗಡು ಜಗಲಿಯ ಗೋಡೆಗೆ ಒರಗಿದೆ. ಬಿಳಿ ಬಣ್ಣದ ಎರಡನೇ ಕೋಟು ಒಣಗುತ್ತಿದೆ. ಬೋರ್ಡು ಬರೆಯುವವನು ಕರಾವಳಿಯವನು, ಈ ಊರಿಗೆ ಬಂದು ಮೂವತ್ತು ವರ್ಷವಾಯಿತು. ಬರೆಸುವವಳು ಮಂಡ್ಯ ಕಡೆಯ ರೈತರ ಮನೆಯ ಮಗಳು, ಲೈಬ್ರರಿ ಕೆಲಸದಿಂದ ನಿವೃತ್ತಳು. ಬಡಾವಣೆಯ ಸಮಿತಿಯಲ್ಲಿರುವ ಒಬ್ಬಳೇ ಹೆಂಗಸು.

ಬರೆಯುವವ: ಬಣ್ಣ ಒಣಗಲಿಕ್ಕೆ ಇನ್ನೂ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಮ್ಯಾಟರು ಹೇಳಿಬಿಡಿ ಮೇಡಂ. ಸಮಿತಿಯವರು ಚೀಟಿಯಲ್ಲಿ ‘ರಿಕ್ರಿಯೇಷನ್ ಸೆಂಟರ್’ ಅಂತ ಕೊಟ್ಟಿದ್ದಾರೆ. ಹಾಗೇ ಕನ್ನಡ ಅಕ್ಷರದಲ್ಲಿ ಬರೆಯಲೋ, ಇಲ್ಲ ಅದಕ್ಕೆ ನಮ್ಮದೇ ಪದ ಉಂಟೋ?

ಬರೆಸುವವಳು: ಅದನ್ನೇ ಎರಡು ದಿನದಿಂದ ಹುಡುಕುತ್ತಿದ್ದೇನೆ. ನಿಮಗೆ ಯಾವುದು ಸರಿ ಅನ್ನಿಸುತ್ತದೆ?

ಬರೆಯುವವ: ಇಂಗ್ಲಿಷಿನದು ಬೇಡ ಅನ್ನಿಸುತ್ತದೆ. ಕಾರಣ ಹೇಳುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಒಂದು ಊರಿನಲ್ಲಿ ‘ರಿಕ್ರಿಯೇಷನ್ ಕ್ಲಬ್’ ಅಂತ ದೊಡ್ಡ ಬೋರ್ಡು ಬರೆದೆ. ಒಳಗೆ ಹಗಲೂ ಲೈಟು ಉರಿಯುತ್ತಿತ್ತು, ಹಸಿರು ಬಟ್ಟೆ ಹೊದಿಸಿದ ಮೇಜುಗಳ ಸುತ್ತ ಇಸ್ಪೀಟು. ಕೆಲವು ವರ್ಷ ಕಳೆದ ಮೇಲೆ ನನ್ನ ಅಣ್ಣ ಅಂಥದೇ ಒಂದು ಜಾಗಕ್ಕೆ ಹೋಗಲು ಶುರುಮಾಡಿದ. ಮೊದಲು ಸಂಬಳ, ಆಮೇಲೆ ಅತ್ತಿಗೆಯ ಬಳೆ, ಕೊನೆಗೆ ಅಡಿಕೆ ತೋಟದ ಒಂದು ತುಂಡು ಹೋಯಿತು. ಪೇಪರಿನಲ್ಲಿ ಕ್ಲಬ್ಬಿನ ಮೇಲೆ ದಾಳಿ ಅಂತ ಬಂದಾಗೆಲ್ಲ ಈ ಪದ ಕಣ್ಣಿಗೆ ಬೀಳುತ್ತದೆ. ನಾನೇ ನನ್ನ ಕೈಯಲ್ಲಿ ಬರೆದ ಪದ.

ಬರೆಸುವವಳು: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ಪದದ ಮೇಲೆ ನನಗೆ ಕರುಣೆ ಬರುತ್ತದೆ. ಅದು ಹುಟ್ಟಿದ ಮನೆ ಬೇರೆ, ಬಾಳಿದ ಮನೆ ಬೇರೆ.

ಬರೆಯುವವ: ಸುಮ್ಮನೆ ‘ಮನರಂಜನಾ ಕೇಂದ್ರ’ ಅಂತ ಮಾಡಿದರೆ? ಎಷ್ಟೋ ಕಡೆ ಹಾಗೇ ಬರೆದಿದ್ದೇನೆ.

ಬರೆಸುವವಳು: ರಂಜನೆ ಅಂದರೆ ಬಣ್ಣ ಹಚ್ಚುವುದು, ಗೊತ್ತೇ? ಸಂಸ್ಕೃತದ ‘ರಂಜ್’ ಧಾತುವಿಗೆ ಬಣ್ಣವೇರು, ಕೆಂಪಾಗು ಎಂದು ಅರ್ಥ. ರಾಗ ಎನ್ನುವ ಪದವೂ ಅಲ್ಲಿಂದಲೇ ಬಂದದ್ದು. ಮನಸ್ಸಿಗೆ ಬಣ್ಣ ಹಚ್ಚಿದರೆ ಅದು ಮನರಂಜನೆ.

ಬರೆಯುವವ: ಹಾಗಾದರೆ ಅದರ ಕಷ್ಟ ನನಗೆ ಗೊತ್ತುಂಟು. ಬಣ್ಣ ಮೇಲೆ ಕೂರುತ್ತದೆ, ಅಷ್ಟೇ. ಈ ತಗಡನ್ನೇ ನೋಡಿ, ಮೂಲೆಯಲ್ಲಿ ತುಕ್ಕು ಇತ್ತು. ಮರಳು ಕಾಗದದಲ್ಲಿ ಉಜ್ಜಿ, ಸೀಮೆಎಣ್ಣೆಯಲ್ಲಿ ಒರೆಸಿ, ಪ್ರೈಮರ್ ಹೊಡೆದ ಮೇಲೇ ಬಿಳಿ ಹಚ್ಚಿದ್ದು. ತುಕ್ಕಿನ ಮೇಲೆ ಹಾಗೇ ಹಚ್ಚಿದ್ದರೆ ಇವತ್ತಿಗೆ ಚೆನ್ನಾಗಿ ಕಾಣುತ್ತಿತ್ತು. ಎರಡು ಮಳೆಗಾಲ ಕಳೆದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಬರೆಸುವವಳು: ರಿಕ್ರಿಯೇಷನ್ ಎಂಬ ಈ ಇಂಗ್ಲಿಷ್ ಪದ ಮಾತಾಡುವುದು ಬಣ್ಣದ ವಿಷಯವಲ್ಲ, ತಗಡಿನ ವಿಷಯ. ಲ್ಯಾಟಿನ್ನಿನ ‘ಕ್ರೆಯಾರೆ’ ಎಂದರೆ ಉಂಟುಮಾಡು. ಮುಂದೆ ‘ರೆ’ ಸೇರಿದರೆ ಮತ್ತೆ ಉಂಟುಮಾಡು, ಮೊದಲಿನಂತೆ ಮಾಡು. ಅಲ್ಲಿ ಆ ಪದವನ್ನು ಕಾಯಿಲೆ ಬಿದ್ದವರು ಚೇತರಿಸಿಕೊಳ್ಳುವುದಕ್ಕೂ ಬಳಸುತ್ತಿದ್ದರು. ಅದು ಫ್ರೆಂಚಿಗೆ ಬಂದು, ಅಲ್ಲಿಂದ 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ದಾಟಿತು. ಆಗಲೂ ಅದರ ಅರ್ಥ ದಣಿದವರಿಗೆ, ಬಳಲಿದವರಿಗೆ ಊಟ ಆರೈಕೆ ಕೊಟ್ಟು ಮತ್ತೆ ಮನುಷ್ಯರನ್ನಾಗಿ ಮಾಡುವುದು ಎಂದೇ. ಆಟಪಾಟ ಎಂಬ ಅರ್ಥ ಅದಕ್ಕೆ ಅಂಟಿಕೊಂಡದ್ದು ಆಮೇಲೆ. ನೀವು ಗಂಜಿ ಊಟದವರು, ನಿಮಗೆ ಇದು ಬೇಗ ತಿಳಿಯಬೇಕು.

ಬರೆಯುವವ: ಗಂಜಿ ಅಂದಿರಲ್ಲ, ಒಂದು ನೆನಪಾಯಿತು. ಏಳನೇ ಕ್ಲಾಸಿನಲ್ಲಿ ನನಗೆ ಕಾಮಾಲೆ ಆಯಿತು. ಒಂದೂವರೆ ತಿಂಗಳು ಹಾಸಿಗೆ. ಉಪ್ಪಿಲ್ಲ, ಎಣ್ಣೆ ಇಲ್ಲ, ಬರೀ ಗಂಜಿ ಮತ್ತು ಕಹಿ ಕಷಾಯ. ಕಣ್ಣು ಬಿಳಿ ಆಯಿತು, ಕಾಯಿಲೆ ಹೋಯಿತು ಅಂದರು. ಆದರೆ ನನಗೆ ಎದ್ದು ಕೂರುವ ಮನಸ್ಸೇ ಇಲ್ಲ. ಹಸಿವೂ ಇಲ್ಲ. ಅದು ಆಟಿ ತಿಂಗಳು, ಹೊರಗೆ ಧೋ ಅಂತ ಮಳೆ. ಅತ್ತೆ ಅಟ್ಟದಿಂದ ಚೆನ್ನೆಮಣೆ ಇಳಿಸಿದರು. ನಮ್ಮಲ್ಲಿ ಅದನ್ನು ಆಟಿಯಲ್ಲಿ ಮಾತ್ರ ಇಳಿಸುವುದು, ತಿಂಗಳು ಮುಗಿದರೆ ಮತ್ತೆ ಅಟ್ಟಕ್ಕೆ. ನನ್ನನ್ನು ಜಗಲಿಗೆ ಕರೆದು ಕಂಬಕ್ಕೆ ಒರಗಿಸಿ ಕೂರಿಸಿದರು.

ಬರೆಸುವವಳು: ನಮ್ಮ ಕಡೆ ಅದು ಅಳಗುಳಿಮಣೆ.

ಬರೆಯುವವ: ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಮಂಜೊಟ್ಟಿ ಕಾಳು. ಹಲಸಿನ ಮರದ ಮಣೆ. ಅಜ್ಜಿಯರ ಬೆರಳು ತಾಗಿ ತಾಗಿ ಗುಳಿಯ ಒಳಗು ಕನ್ನಡಿಯ ಹಾಗೆ ನುಣುಪಾಗಿತ್ತು. ಮೊದಲ ದಿನ ಕಾಳು ಹಿಡಿಯಲೇ ಆಗಲಿಲ್ಲ, ಬೆರಳ ಸಂದಿಯಿಂದ ಜಾರಿ ಜಗಲಿಯಲ್ಲಿ ಉರುಳಿ ಹೋಗುತ್ತಿತ್ತು. ಅತ್ತೆ ಒಂದು ಮಾತೂ ಆಡದೆ ಹೆಕ್ಕಿ ಕೊಡುತ್ತಿದ್ದರು. ಎರಡನೇ ದಿನ ಒಂದು ಆಟ ಪೂರ್ತಿ ಆಡಿದೆ. ಮೂರನೇ ದಿನ ಇದ್ದಕ್ಕಿದ್ದ ಹಾಗೆ ನಾನು ಮುಂದಿನ ಗುಳಿಗಳನ್ನು ಲೆಕ್ಕ ಹಾಕುತ್ತಿದ್ದೇನೆ ಅಂತ ಗೊತ್ತಾಯಿತು. ಇಲ್ಲಿಂದ ಎತ್ತಿದರೆ ಅಲ್ಲಿ ಮುಗಿಯುತ್ತದೆ, ಅದರಾಚೆಯದು ನನಗೆ. ಅತ್ತೆಯ ಸಾಲಿನಿಂದ ಒಂದು ಮುಷ್ಟಿ ಕಾಳು ಗೆದ್ದೆ. ಆಗ ಹೊಟ್ಟೆ ಹಸಿಯಿತು ಮೇಡಂ. ಒಂದೂವರೆ ತಿಂಗಳಲ್ಲಿ ಮೊದಲ ಸಲ. ಅಡುಗೆಮನೆಗೆ ಕೇಳಿಸುವ ಹಾಗೆ ಕೂಗಿ ಹೇಳಿದೆ.

ಬರೆಸುವವಳು: ಅದೇ ಆ ಪದ. ನೀವು ಅದನ್ನು ಬೋರ್ಡಿನಲ್ಲಿ ಬರೆಯುವ ಎಷ್ಟೋ ವರ್ಷ ಮೊದಲೇ ಜಗಲಿಯಲ್ಲಿ ಅನುಭವಿಸಿದ್ದೀರಿ.

ಬರೆಯುವವ: ಹಾಗಾದರೆ ‘ಚೇತರಿಕೆ’ ಅಂತಲೇ ಬರೆಯಬಹುದಲ್ಲ?

ಬರೆಸುವವಳು: ನನಗೂ ಅದೇ ಹೊಳೆದದ್ದು. ಚೇತನ ಅದರೊಳಗೇ ಕೇಳಿಸುತ್ತದೆ.

ಬರೆಯುವವ: ಆದರೆ ‘ಚೇತರಿಕೆ ಕೇಂದ್ರ’ ಅಂತ ಬೋರ್ಡು ಹಾಕಿದರೆ ಜನ ಕುಡಿತ ಬಿಡಿಸುವ ಜಾಗ ಅಂದುಕೊಳ್ಳುತ್ತಾರೆ.

ಬರೆಸುವವಳು: ಹೌದು, ಅದಕ್ಕೇ ಕೈಬಿಟ್ಟೆ. ಆದರೂ ಇನ್ನೊಂದು ಮಾತು ಕೇಳಿ. ‘ಕ್ರೆಯಾರೆ’ಗೆ ಹತ್ತಿರದ ನೆಂಟ ‘ಕ್ರೆಸ್ಕೆರೆ’, ಅಂದರೆ ಬೆಳೆಯುವುದು. ರೋಮನ್ನರ ಧಾನ್ಯದೇವತೆ ಸೆರೆಸ್ ಕೂಡ ಅದೇ ಕುಲದವಳು ಎನ್ನುತ್ತಾರೆ. ಬೆಳಿಗ್ಗೆ ಮಕ್ಕಳಿಗೆ ಹಾಲಿಗೆ ಹಾಕಿ ಕೊಡುವ ಸೀರಿಯಲ್ ಇದೆಯಲ್ಲ, ಅದು ಅವಳ ಹೆಸರೇ. ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮಗು ಬೆಳೆಯುವುದೂ ಬೆಳೆ, ಹೊಲದಲ್ಲಿ ನಿಂತಿರುವುದೂ ಬೆಳೆ. ಹಾಗೆ ನೋಡಿದರೆ ಆ ಪದವನ್ನು ನಮ್ಮ ಊರಿನ ಭಾಷೆಯಲ್ಲಿ ಹೇಳಬೇಕಾದರೆ ನಾನು ಕೂಳೆ ಅನ್ನುತ್ತೇನೆ.

ಬರೆಯುವವ: ಕೂಳೆ ಅಂದರೆ?

ಬರೆಸುವವಳು: ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ಬುಡ. ಹೊಸದಾಗಿ ಬಿತ್ತನೆ ತುಂಡು ನೆಡುವುದಿಲ್ಲ. ತರಗು ಸರಿಸಿ, ಎತ್ತರ ಉಳಿದ ಬುಡಗಳನ್ನು ನೆಲಮಟ್ಟಕ್ಕೆ ಸವರಿ, ನೀರು ಹಾಯಿಸಿ, ಮಣ್ಣು ಏರಿಸುತ್ತಾರೆ. ಒಣಗಿದ ಗೂಟದ ಹಾಗೆ ಕಾಣುತ್ತಿದ್ದದ್ದರ ಪಕ್ಕದಲ್ಲಿ ಹಸಿರು ಸೂಜಿ ಮೂಡುತ್ತದೆ. ಕೂಳೆ ಕಬ್ಬು ಎನ್ನುವುದು ಅದನ್ನೇ. ಬೇರು ಹಳೆಯದು, ಚಿಗುರು ಹೊಸದು. ಮತ್ತೆ ಉಂಟಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಗೊತ್ತಿಲ್ಲ.

ಬರೆಯುವವ: ಚಿತ್ರ ಚೆನ್ನಾಗಿದೆ. ಆದರೆ ನನ್ನ ಮನಸ್ಸಿಗೆ ಒಂದು ಮುಳ್ಳು ಚುಚ್ಚುತ್ತದೆ, ಹೇಳಲೇ? ಆ ಕೂಳೆಯನ್ನು ಚಿಗುರಿಸುವುದು ಯಾಕೆ? ಮತ್ತೆ ಕಡಿಯುವುದಕ್ಕೆ.

ಬರೆಸುವವಳು: ...

ಬರೆಯುವವ: ನನ್ನ ಮಗ ಬೆಂಗಳೂರಿನಲ್ಲಿ ಒಂದು ಕಂಪನಿಯಲ್ಲಿದ್ದಾನೆ. ವರ್ಷಕ್ಕೆ ಎರಡು ದಿನ ಎಲ್ಲರನ್ನೂ ಬಸ್ಸಿನಲ್ಲಿ ರೆಸಾರ್ಟಿಗೆ ಕರೆದುಕೊಂಡು ಹೋಗುತ್ತಾರೆ. ಹಗ್ಗ ಜಗ್ಗಾಟ, ಬೆಂಕಿ ಸುತ್ತ ಕುಣಿತ, ಊಟ. ಸೋಮವಾರ ಬೆಳಿಗ್ಗೆ ಮೇಲಿನವರು ಕೇಳುತ್ತಾರಂತೆ, ರಿಫ್ರೆಶ್ ಆಯಿತಲ್ಲ, ಇನ್ನು ಈ ತಿಂಗಳ ಟಾರ್ಗೆಟ್ ನೋಡೋಣ ಅಂತ. ಅದೂ ನೀರು ಹಾಯಿಸಿ ಮಣ್ಣು ಏರಿಸಿದ ಹಾಗೇ ಅಲ್ಲವೇ?

ಬರೆಸುವವಳು: ಹೌದು. ನನ್ನ ಚಿತ್ರವನ್ನು ನಾನೇ ಪೂರ್ತಿ ನೋಡಿರಲಿಲ್ಲ. ಕೂಳೆಯನ್ನೂ ಎರಡು ಸಲ, ಮೂರು ಸಲ ಬಿಡುತ್ತಾರೆ. ಇಳುವರಿ ಇಳಿದ ಮೇಲೆ ಬುಡ ಸಮೇತ ಕಿತ್ತು ಉಳುತ್ತಾರೆ. ದುಡಿಮೆಗೆ ಸಜ್ಜು ಮಾಡುವುದಕ್ಕಷ್ಟೇ ವಿರಾಮ ಎಂದರೆ ಅದು ಯಜಮಾನನ ಲೆಕ್ಕ. ಹೊಲ ಬೀಳು ಬಿಡುವುದು ಬೇರೆ. ಆಗ ಏನು ಬೆಳೆಯಬೇಕೆಂದು ನೆಲವೇ ತೀರ್ಮಾನಿಸುತ್ತದೆ. ನಿಮ್ಮ ಅತ್ತೆ ಚೆನ್ನೆಮಣೆ ಇಳಿಸಿದ್ದು ನಿಮ್ಮನ್ನು ಬೇಗ ಶಾಲೆಗೆ ಅಟ್ಟುವುದಕ್ಕಲ್ಲವಲ್ಲ?

ಬರೆಯುವವ: ಅಲ್ಲವೇ ಅಲ್ಲ. ಅವರಿಗೂ ಆಡಲು ಜೊತೆ ಬೇಕಿತ್ತು. ಗಂಡ ಸತ್ತು ತವರಿಗೆ ಬಂದವರು.

ಬರೆಸುವವಳು: ಎಷ್ಟು ಪದಗಳನ್ನು ತೂಗಿ ನೋಡಿದೆ ಅಂತೀರಿ! ವಿನೋದ: ಅದರ ಮೂಲದಲ್ಲಿರುವುದು ‘ನುದ್’, ತಳ್ಳು, ದೂಡು. ಬೇಸರವನ್ನು ಆಚೆ ದೂಡಿದರೆ ವಿನೋದ. ವಿಹಾರ: ‘ಹೃ’ ಎಂದರೆ ಒಯ್ಯು. ಆಶ್ಚರ್ಯ ಎಂದರೆ ಇಂಗ್ಲಿಷಿನ ಸ್ಪೋರ್ಟ್ ಕೂಡ ಹೀಗೇ. ಅದರ ಹಳೆಯ ಫ್ರೆಂಚ್ ಮೂಲಕ್ಕೂ ಒಯ್ದುಬಿಡು ಎಂದೇ ಅರ್ಥವಿತ್ತು. ಇಂಗ್ಲಿಷಿನಲ್ಲಿ ಆ ಪದದ ತಲೆ ಕಡಿದುಹೋಗಿ ಬಾಲ ಉಳಿದಿದೆ. ಡೈವರ್ಷನ್ ಅಂತ ರಸ್ತೆಯಲ್ಲಿ ಬೋರ್ಡು ಬರೆಯುತ್ತೀರಲ್ಲ, ಆ ಪದವನ್ನೂ ಇಂಗ್ಲಿಷಿನವರು ವಿನೋದ ಎಂಬ ಅರ್ಥದಲ್ಲಿ ಬಳಸುತ್ತಾರೆ. ಎಲ್ಲವೂ ನಮ್ಮನ್ನು ಇದ್ದ ಜಾಗದಿಂದ ಆಚೆ ಕರೆದುಕೊಂಡು ಹೋಗುವ ಪದಗಳು.

ಬರೆಯುವವ: ಆಚೆ ಹೋಗುವುದೂ ಬೇಕಲ್ಲ ಮೇಡಂ. ಅವ್ವ ತೀರಿಹೋದ ವಾರ ನಾನು ಥಿಯೇಟರಿನಲ್ಲಿ ಒಂದೇ ಸಿನಿಮಾ ಮೂರು ಸಲ ನೋಡಿದೆ. ಕಥೆ ತಲೆಗೆ ಹೋಗಲಿಲ್ಲ. ಕತ್ತಲಲ್ಲಿ ಮೂರು ಗಂಟೆ ಯಾರೂ ಮಾತಾಡಿಸದೆ ಕೂರಬಹುದಿತ್ತು.

ಬರೆಸುವವಳು: ಬೇಕು, ಒಪ್ಪುತ್ತೇನೆ. ದೂಡುವ ಪದವನ್ನು ಕೀಳು ಅನ್ನಲಾರೆ. ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಮಾನಸೋಲ್ಲಾಸ ಎಂದು ಸಂಸ್ಕೃತದಲ್ಲಿ ಒಂದು ಗ್ರಂಥ ಬರೆದ. ನೂರು ಅಧ್ಯಾಯ, ಇಪ್ಪತ್ತರಂತೆ ಐದು ಭಾಗ. ರಾಜ್ಯ ಗಳಿಸುವುದಕ್ಕೆ ಒಂದು ಭಾಗ, ಉಳಿಸಿಕೊಳ್ಳುವುದಕ್ಕೆ ಒಂದು ಭಾಗ, ಭೋಗಕ್ಕೆ ಒಂದು. ಉಳಿದ ಎರಡು ಪೂರ್ತಿ ವಿನೋದ ಮತ್ತು ಕ್ರೀಡೆಗೆ. ಆನೆ, ಕುದುರೆ, ಮಲ್ಲರು, ಟಗರು ಕಾಳಗ, ಮೀನು ಹಿಡಿಯುವುದು, ಹಾಡು, ಕಥೆ. ಕ್ರೀಡೆಯ ಭಾಗದಲ್ಲಿ ಉಯ್ಯಾಲೆ, ನೀರಾಟ, ಒಗಟು, ಪಗಡೆ, ಕವಡೆ. ಮರಳಿನಲ್ಲಿ ಆಡುವುದಕ್ಕೆ ಒಂದು, ಬೆಳದಿಂಗಳಲ್ಲಿ ಆಡುವುದಕ್ಕೆ ಒಂದು. ಲೈಬ್ರರಿಯಲ್ಲಿ ಅದರ ವಿಷಯಸೂಚಿ ಓದಿದ ದಿನ ನನಗೆ ಬೆರಗಾಯಿತು. ಸೈನ್ಯ, ಬೊಕ್ಕಸಗಳ ಬಗ್ಗೆ ಬರೆದ ಕೈಯೇ ಬೆಳದಿಂಗಳಿಗೂ ಒಂದು ಅಧ್ಯಾಯ ತೆಗೆದಿಟ್ಟಿದೆ.

ಬರೆಯುವವ: ರಾಜನಿಗೆ ಪುರುಸೊತ್ತು ಇತ್ತು.

ಬರೆಸುವವಳು: ಪುರುಸೊತ್ತು ಇದ್ದ ಇನ್ನೊಬ್ಬ ರಾಜನ ಊರಿನಲ್ಲೇ ಕೂತಿದ್ದೇವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಬ್ರಿಟಿಷರು 1831ರಲ್ಲಿ ಆಡಳಿತ ಕಿತ್ತುಕೊಂಡರು. ಅವರು ತೀರಿಕೊಂಡದ್ದು 1868ರಲ್ಲಿ. ಮಧ್ಯೆ ಮೂವತ್ತೇಳು ವರ್ಷ ಅರಮನೆ ಇತ್ತು, ಅಧಿಕಾರ ಇರಲಿಲ್ಲ. ಆ ಮನುಷ್ಯ ಆಟಗಳಿಗೆ ಮನಸ್ಸು ಕೊಟ್ಟರು. ಗಂಜೀಫಾ ಎಂಬ ಇಸ್ಪೀಟಿನ ಎಲೆಗಳಿಗೆ ಹೊಸ ಹೊಸ ಕಟ್ಟುಗಳನ್ನು ಕಲ್ಪಿಸಿದರು, ತಮ್ಮ ಶ್ರೀತತ್ತ್ವನಿಧಿ ಗ್ರಂಥದ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಮಣೆಯಾಟಗಳಿಗೆ ಜಾಗ ಮಾಡಿದರು. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡನೇ ಸಲ ಮೆಟ್ಟದೆ 64 ಮನೆಗಳನ್ನೂ ಸುತ್ತಿ ಬರುವ ಲೆಕ್ಕ ಅವರನ್ನು ಹಿಡಿದಿಟ್ಟಿತ್ತು. ಕೆಲಸವಿಲ್ಲದ ರಾಜನ ಕಾಲಕ್ಷೇಪ ಎಂದು ಕೆಲವರು ತಳ್ಳಿಹಾಕುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಕಾಲಕ್ಷೇಪ ಅಂದರೆ ಕಾಲವನ್ನು ಎಸೆಯುವುದು. ಅವರು ಎಸೆದಿಲ್ಲ. ಒಬ್ಬರು ಕಿತ್ತುಕೊಂಡದ್ದರ ಜಾಗದಲ್ಲಿ ಯಾರೂ ಕಿತ್ತುಕೊಳ್ಳಲಾಗದ್ದನ್ನು ಬೆಳೆಸಿದರು.

ಬರೆಯುವವ: ಅರವತ್ತನಾಲ್ಕು ಮನೆಯಲ್ಲಿ ಒಂದು ರಾಜ್ಯ.

ಬರೆಸುವವಳು: ಹಾಗೂ ಅನ್ನಬಹುದು. ನಿಮ್ಮ ಕಡೆಯ ಪದ ಹೇಳಿ, ನಾನೊಬ್ಬಳೇ ಮಾತಾಡುತ್ತಿದ್ದೇನೆ.

ಬರೆಯುವವ: ನಮ್ಮಲ್ಲಿ ಒಂದೇ ಪದ, ಆಟ. ಯಕ್ಷಗಾನಕ್ಕೂ ಆಟ ಅಂತಲೇ ಹೇಳುವುದು. ‘ಇವತ್ತು ಆಟ ಉಂಟು’ ಅಂದರೆ ಊರಿಗೇ ತಿಳಿಯುತ್ತದೆ. ನಾನು ಹುಡುಗನಾಗಿದ್ದಾಗ ಗದ್ದೆ ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ರಂಗಸ್ಥಳ. ನೀವು ಹೇಳಿದ ಕೂಳೆ ನಮ್ಮ ಕಾಲಿಗೆ ಚುಚ್ಚುತ್ತಿತ್ತು, ಭತ್ತದ್ದು. ಚಾಪೆ ಹಾಸಿಕೊಂಡು ಬೆಳಗಿನವರೆಗೆ ಕೂರುವುದು. ಚೆಂಡೆಯ ಪೆಟ್ಟು ಎದೆಗೇ ಬೀಳುತ್ತಿತ್ತು. ಬೆಳಿಗ್ಗೆ ಕೆಂಪು ಕಣ್ಣಲ್ಲಿ ಮನೆಗೆ ಬಂದರೆ ಮೈ ಸೋತಿರುತ್ತಿತ್ತು. ವಿಶ್ರಾಂತಿ ಅಂತೂ ಅಲ್ಲವೇ ಅಲ್ಲ ಅದು. ಆದರೂ ತೋಟಕ್ಕೆ ನೀರು ಬಿಡುವಾಗ ಅಪ್ಪನ ನಡಿಗೆಯಲ್ಲಿ ಒಂದು ಹೆಜ್ಜೆ ಸೇರಿಕೊಂಡಿರುತ್ತಿತ್ತು. ವಾರದವರೆಗೆ ಮನೆಯಲ್ಲಿ ಅರ್ಥಗಾರಿಕೆಯ ಧಾಟಿಯಲ್ಲೇ ಮಾತು.

ಬರೆಸುವವಳು: ನಮ್ಮ ‘ಆಡು’ ಎಷ್ಟು ಕಡೆ ಹೊಕ್ಕಿದೆ ನೋಡಿ. ಓಡಾಡು, ಹಾರಾಡು, ಮಾತಾಡು, ಕೊಂಡಾಡು. ಉಸಿರಾಡು ಎನ್ನುತ್ತೇವೆ! ಬದುಕಿರುವಷ್ಟು ಹೊತ್ತು ಉಸಿರು ಒಳಗೆ ಆಡುತ್ತಲೇ ಇರಬೇಕು. ಅಲುಗಾಡುವುದು ನಿಂತರೆ ಜೀವ ಹೋಯಿತು ಎಂದು ಅರ್ಥ. ಇಲ್ಲಿ ಆಚೆಗೆ ಒಯ್ಯುವುದೂ ಇಲ್ಲ, ಮೇಲೆ ಬಣ್ಣ ಹಚ್ಚುವುದೂ ಇಲ್ಲ. ಹೋರಾಡು, ನರಳಾಡು ಅಂತಲೂ ಇವೆ, ನೋವನ್ನೂ ಬಿಟ್ಟಿಲ್ಲ.

ಬರೆಯುವವ: ಹಾಗಾದರೆ ಪದ ಸಿಕ್ಕಿತಲ್ಲ. ಚೀಟಿಯ ಎರಡನೇ ಸಾಲು ಓದುತ್ತೇನೆ: ‘ಸಮಯ ಸಂಜೆ 5ರಿಂದ 8. ಸಮಿತಿಯ ಅನುಮತಿ ಪಡೆದು ಒಳಗೆ ಬರುವುದು.’ ಇದನ್ನು ಸಣ್ಣದಾಗಿ ಕೆಳಗೆ ಹಾಕುತ್ತೇನೆ.

ಬರೆಸುವವಳು: ಅಲ್ಲಿ ನಿಲ್ಲಿ. ಆ ಸಾಲು ನಾನು ನೋಡಿಯೇ ಇರಲಿಲ್ಲ.

ಬರೆಯುವವ: ತಪ್ಪಾಯಿತೇ?

ಬರೆಸುವವಳು: ನಿಮ್ಮ ತಪ್ಪಲ್ಲ. ಅನುಮತಿ ಎನ್ನುವ ಪದ ನೋಡಿ. ಬಿಡುವಿಗೆ ನಾವು ರಜೆ ಅನ್ನುತ್ತೇವೆ. ಅರಬ್ಬಿಯಿಂದ ಹಿಂದೂಸ್ತಾನಿಯ ಮೂಲಕ ಬಂದದ್ದು, ಒಪ್ಪಿಗೆ ಎಂದು ಅರ್ಥ. ಇಂಗ್ಲಿಷಿನ ಲೀಷರ್ ಕೂಡ ‘ಅಪ್ಪಣೆ ಉಂಟು’ ಎಂಬ ಲ್ಯಾಟಿನ್ ಮಾತಿನಿಂದ ಬಂದದ್ದು. ಅಲ್ಲೂ ಇಲ್ಲೂ ಬಿಡುವು ಎಂದರೆ ಇನ್ನೊಬ್ಬರು ಕೊಡಬೇಕಾದದ್ದು. ಇಂಗ್ಲೆಂಡಿನಲ್ಲಿ ಭಾನುವಾರ ಜನ ಕುಣಿಯಬಹುದೇ, ಬಿಲ್ಲು ಹೊಡೆಯಬಹುದೇ ಎಂದು ದೊರೆಯೇ ಫರ್ಮಾನು ಹೊರಡಿಸಬೇಕಾಯಿತು. ಒಂದನೇ ಜೇಮ್ಸ್ 1618ರಲ್ಲಿ ಹೊರಡಿಸಿದ, ಅವನ ಮಗ ಚಾರ್ಲ್ಸ್ 1633ರಲ್ಲಿ ಮತ್ತೆ ಹೊರಡಿಸಿದ. ಪ್ರಾರ್ಥನೆ ಮುಗಿಸಿದವರಿಗೆ ಮಾತ್ರ ಆಟ. ಅದರಲ್ಲೂ ಬಡವರಿಗೆ ಬೌಲಿಂಗ್ ಆಟ ಕೂಡದು. ಅಷ್ಟು ಬಿಟ್ಟುಕೊಟ್ಟದ್ದನ್ನೂ ಮಡಿವಂತರು ತಡೆದುಕೊಳ್ಳಲಿಲ್ಲ. 1643ರಲ್ಲಿ ಪಾರ್ಲಿಮೆಂಟು ಆ ಫರ್ಮಾನಿನ ಪ್ರತಿಗಳನ್ನು ಬಹಿರಂಗವಾಗಿ ಸುಡಿಸಿತು. ಅದಾಗಿ ಹತ್ತು ವರ್ಷಕ್ಕೆ ಐಸಾಕ್ ವಾಲ್ಟನ್ ಗಾಳ ಹಾಕಿ ಮೀನು ಹಿಡಿಯುವುದರ ಬಗ್ಗೆ, ಹೊಳೆಯ ದಂಡೆಯಲ್ಲಿ ನಡೆಯುವ ಸಂಭಾಷಣೆಯ ರೂಪದಲ್ಲಿ ಒಂದು ಪುಸ್ತಕ ಬರೆದ. ಅದರ ಹೆಸರಿನಲ್ಲೇ ಈ ರಿಕ್ರಿಯೇಷನ್ ಇದೆ.

ಬರೆಯುವವ: ಅಪ್ಪಣೆ ಕೇಳದೆ ಪಡೆದವರು ಯಾರೂ ಇಲ್ಲವೇ?

ಬರೆಸುವವಳು: ಇದ್ದಾರೆ, ನಿಮ್ಮ ಹಾಗೆ ಕೈಕೆಲಸದವರು. 1856ರ ಏಪ್ರಿಲ್ 21ರಂದು ಮೆಲ್ಬರ್ನ್‌ನ ಕಲ್ಲುಕುಟಿಗರು ಉಳಿ ಸುತ್ತಿಗೆ ಕೆಳಗಿಟ್ಟು ಮೆರವಣಿಗೆ ಹೊರಟರು. ಎಂಟು ಗಂಟೆ ಕೆಲಸ, ಎಂಟು ಗಂಟೆ ರಿಕ್ರಿಯೇಷನ್, ಎಂಟು ಗಂಟೆ ವಿಶ್ರಾಂತಿ. ಈ ಲೆಕ್ಕವನ್ನು ಸಮಾಜ ಸುಧಾರಕ ರಾಬರ್ಟ್ ಓವೆನ್ ಮೊದಲೇ ಹೇಳಿದ್ದ. ಇವರು ಹೋರಾಡಿ ಪಡೆದರು, ಕೂಲಿ ಕಡಿಮೆಯಾಗದಂತೆ. ಆ ಊರಿನಲ್ಲಿ ಕಂಬದ ಮೇಲೆ ಮೂರು ಎಂಟುಗಳನ್ನು ನಿಲ್ಲಿಸಿದ ಸ್ಮಾರಕ ಇದೆ. ಕ್ಲಬ್ಬಿನ ಬೋರ್ಡಿನಲ್ಲಿ ನೀವು ಬರೆದ ಪದವೇ ಅಲ್ಲಿ ಬಾವುಟದ ಮೇಲಿತ್ತು.

ಬರೆಯುವವ: ಇದು ಗೊತ್ತಿದ್ದಿದ್ದರೆ ಆ ಬೋರ್ಡು ಬರೆಯುವಾಗ ಕೈ ತಡೆಯುತ್ತಿತ್ತೋ ಏನೋ.

ಬರೆಸುವವಳು: ಆದರೆ ಆ ಮೂರು ಎಂಟುಗಳಲ್ಲಿ ನನ್ನ ಅಮ್ಮ ಎಲ್ಲೂ ಇಲ್ಲ. ನಸುಕಿಗೆ ಎದ್ದು ರಾಗಿ ಬೀಸುತ್ತಿದ್ದಳು. ಅಂಗೈಯಲ್ಲಿ ಗೂಟ ತಿಕ್ಕಿ ದಡ್ಡುಗಟ್ಟಿತ್ತು. ನನ್ನ ತಲೆಗೆ ಎಣ್ಣೆ ಹಚ್ಚುವಾಗ ಕೂದಲು ಆ ದಡ್ಡಿಗೆ ಸಿಕ್ಕಿಕೊಳ್ಳುತ್ತಿತ್ತು. ಬೀಸುವಾಗ ಪದ ಹೇಳುತ್ತಿದ್ದಳು. ಈಗ ಅದನ್ನು ನೆನೆಸಿಕೊಂಡು, ನೋಡಿ, ಹಿಂದೆ ದುಡಿಮೆಯೂ ಹಾಡೂ ಒಂದೇ ಆಗಿತ್ತು ಎನ್ನುವವರಿದ್ದಾರೆ. ಅಮ್ಮನನ್ನು ಕೇಳಿದ್ದೆ. ಹಾಡಿದರೆ ಕಲ್ಲು ಹಗುರ ಮಗ, ಇಲ್ಲದಿದ್ದರೆ ಭುಜ ಹಿಡಿದುಕೊಳ್ಳುತ್ತೆ ಅಂದಳು. ಊರಿಗೆ ಹಿಟ್ಟಿನ ಗಿರಣಿ ಬಂತು. ಪದ ಹೋಯಿತೆಂದು ಅವಳು ಒಂದು ದಿನವೂ ಮರುಗಲಿಲ್ಲ. ಮರುಗಿದವರು ಓದಿದ ನಾವು. ಗಿರಣಿ ಉಳಿಸಿಕೊಟ್ಟ ಆ ಒಂದು ಗಂಟೆಯಾದರೂ ಅವಳಿಗೆ ಸಿಕ್ಕಿತೇ ಅಂದರೆ, ಎರಡು ಹಸು ಬಂದವು. ಅರಳಿಮರದ ಕೆಳಗೆ ಕಟ್ಟೆ ಇತ್ತು, ಸೋಮಾರಿ ಕಟ್ಟೆ ಅನ್ನುತ್ತಿದ್ದರು. ಹೆಸರಿನಲ್ಲಿ ಬೈಗುಳ ಇದ್ದರೂ ಗಂಡಸರು ಆರಾಮಾಗಿ ಕೂರುತ್ತಿದ್ದರು. ಅಮ್ಮ ಅದರ ಮುಂದೆ ಸೆರಗು ಹೊದ್ದು ಬೇಗ ಬೇಗ ನಡೆದು ಹೋಗುತ್ತಿದ್ದಳು. ನಮ್ಮ ಸಂವಿಧಾನದ 43ನೇ ವಿಧಿ ದುಡಿಯುವವರಿಗೆ ಬಿಡುವಿನ ಪೂರ್ಣ ಸುಖ ಸಿಗಬೇಕು ಎನ್ನುತ್ತದೆ. ಅವಳನ್ನು ದುಡಿಯುವವಳು ಎಂದು ಎಣಿಸಿದವರು ಯಾರು?

ಬರೆಯುವವ: ಸಂಜೆ 5ರಿಂದ 8 ಅಂದರೆ ಈ ಬಡಾವಣೆಯ ಹೆಂಗಸರೂ ಒಲೆಯ ಮುಂದೆ ಇರುವ ಹೊತ್ತು.

ಬರೆಸುವವಳು: ಬೇರೆ ಮನೆಗಳಿಗೆ ಪಾತ್ರೆ ತಿಕ್ಕಲು ಬರುವವರಿಗೆ ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಕೂರಲು ಜಾಗವಿಲ್ಲ. ದಿನವೂ ಪಾರ್ಕಿನ ಗೇಟಿನ ಹೊರಗೆ, ಚರಂಡಿಯ ಚಪ್ಪಡಿಯ ಮೇಲೆ ಕೂತಿರುತ್ತಾರೆ. ನನ್ನ ಬಾಲ್ಕನಿಯಿಂದ ಕಾಣುತ್ತದೆ. ಒಬ್ಬಳು ಸೀಮೆಸುಣ್ಣದ ಚೂರಿನಲ್ಲಿ ಚಪ್ಪಡಿಯ ಮೇಲೆ ಮನೆ ಬರೆದು ಮಗಳ ಜೊತೆ ಕವಡೆ ಆಡುತ್ತಾಳೆ. ಕವಡೆ ಅಲ್ಲ, ಹುಣಸೆಬೀಜ. ಒಂದು ಪಕ್ಕ ಬಿಳಿ ಬರುವ ಹಾಗೆ ನೆಲಕ್ಕೆ ತೇದು ಇಟ್ಟುಕೊಂಡಿದ್ದಾಳೆ.

ಬರೆಯುವವ: ಹಾಗಾದರೆ ಸಮಯ ಏನು ಹಾಕಲಿ?

ಬರೆಸುವವಳು: ಬೆಳಿಗ್ಗೆ 10ರಿಂದ ರಾತ್ರಿ 8. ಅನುಮತಿಯ ಸಾಲು ಬೇಡ. ಸಮಿತಿಯಲ್ಲಿ ಇವತ್ತು ಸಂಜೆ ನಾನು ಮಾತಾಡುತ್ತೇನೆ, ಬೀಗದ ಕೈ ನನ್ನ ಮನೆಯಲ್ಲಿರಲಿ ಎನ್ನುತ್ತೇನೆ. ಒಪ್ಪದಿದ್ದರೆ ಬೋರ್ಡು ನಿಲ್ಲಿಸಿ, ನಿಮ್ಮ ಕೂಲಿ ನಾನು ಕೊಡುತ್ತೇನೆ.

ಬರೆಯುವವ: ಕೂಲಿಯ ಮಾತು ಆಮೇಲೆ. ಮೇಲಿನ ಸಾಲು?

ಬರೆಸುವವಳು: ‘ಆಟದ ಜಗಲಿ’. ನಿಮ್ಮ ಅತ್ತೆ ಕೂರಿಸಿದ ಜಾಗ.

ಬರೆಯುವವ: ಆ, ಟ, ದ... ಆರು ಅಕ್ಷರ, ಒಂದೂ ಒತ್ತಿಲ್ಲ. ಗೇಟಿನ ಆಚೆಯಿಂದಲೂ ಓದುವ ಹಾಗೆ ದೊಡ್ಡದಾಗಿ ಬರೆಯಬಹುದು. ಬಣ್ಣ ಒಣಗಿತು, ಬೆರಳಿಗೆ ಅಂಟುವುದಿಲ್ಲ. ಮೇಡಂ, ನೀಲಿ ಪುಡಿ ಹಚ್ಚಿದ ಈ ದಾರದ ತುದಿ ಸ್ವಲ್ಪ ಹಿಡಿಯುತ್ತೀರಾ? ಗೆರೆ ಹೊಡೆಯಬೇಕು.

ಬರೆಸುವವಳು: ಇಷ್ಟು ಬಿಗಿ ಸಾಕೇ?

ಬರೆಯುವವ: ಇನ್ನೂ ಸ್ವಲ್ಪ ಎಳೆಯಿರಿ.